ಏಳನೆಯ ಹಾಳೆಯಲ್ಲಿ ಏನು ಬರೆದೆ

ಕಾಲು ಚಾಚಿಕೊಂಡು ಓದುತ್ತಿದ್ದೀಯಲ್ಲ, ಮೊದಲು ಎದ್ದು ಸರಿಯಾಗಿ ಕೂತುಕೋ. ಕೈಯಲ್ಲಿರುವ ಆ ಗಾಜಿನ ಬಿಲ್ಲೆಯನ್ನು ಬೋರಲು ಹಾಕು. ಅಂಥವು ಹೂಳು ಅಗೆಯುವಾಗ ನಮಗೆ ಇನ್ನೂ ಸಿಗುತ್ತವೆ, ಅವುಗಳ ಮೇಲೆ ನಾವು ಹುಣಸೆಹಣ್ಣು ಒಣಗಿಸುತ್ತೇವೆ. ಅದಕ್ಕಿಂತ ಹೆಚ್ಚಿನ ಉಪಯೋಗ ನಿನಗೂ ಅದರಿಂದ ಆಗಿಲ್ಲ. ಒಂಬತ್ತು ದಿನದ ಹಿಂದೆ ನಿನ್ನ ಅಜ್ಜಿ ಸತ್ತಾಗ ಮನೆಯಲ್ಲಿ ಐದು ಜನ ಇದ್ದಿರಿ. ಐವರ ಕೈಯಲ್ಲೂ ಅದೇ ಬಿಲ್ಲೆ. ಮುದುಕಿ ಮೂರು ಸಲ ನೀರು ಕೇಳಿದಳು. ‘ಬಂದೆ ಆಯಿ, ಒಂದ್ನಿಮಿಷ’ ಎಂದು ಐವರೂ ಹೇಳಿದಿರಿ, ಒಬ್ಬರೂ ಏಳಲಿಲ್ಲ. ಒಣಗಿದ ಬಾಯಲ್ಲೇ ಹೋದಳು. ಇದು ಈಕೆಗೆ ಹೇಗೆ ಗೊತ್ತು ಎಂದು ಕಣ್ಣು ಬಿಡಬೇಡ. ನೀನೇ ಬರೆದಿಟ್ಟಿದ್ದೀಯ. ಅಂದರೆ, ಮುಂದೆ ಬರೆದಿಡುತ್ತೀಯ.

ಇದು ಹೂಳಿನ ವರ್ಷ ನೂರಾ ನಲವತ್ತಮೂರು, ಹಿಂಧೂಳು ತಿಂಗಳ ಮೂವತ್ತನಾಲ್ಕನೆಯ ತಾರೀಖು. ಅಂಥ ತಾರೀಖು ಎಲ್ಲಿಯದು ಎನ್ನಬೇಡ. ಮಳೆಯ ತಿಂಗಳುಗಳು ಹೆಸರಿಗಷ್ಟೇ ಉಳಿದವೆಂದು ಹಿರಿಯರು ಅವನ್ನು ಪಂಚಾಂಗದಿಂದ ತೆಗೆದುಹಾಕಿದರು. ಉಳಿದ ಒಂಬತ್ತಕ್ಕೆ ದಿನಗಳನ್ನು ಹಂಚಿದಾಗ ಒಂದೊಂದಕ್ಕೂ ನಲವತ್ತು ಬಂತು. ನನ್ನ ಹೆಸರು ಯಂಕವ್ವ, ವಯಸ್ಸು ಎಪ್ಪತ್ತೊಂಬತ್ತು. ಸೌಭಾಗ್ಯ ಎನ್ನುವ ನೀನು ನನ್ನ ಅಜ್ಜಿಯ ಅಜ್ಜಿಯ ಅವ್ವ. ಸಂಬಂಧದಲ್ಲಿ ನೀನೇ ದೊಡ್ಡವಳು, ಆದರೂ ಇಪ್ಪತ್ತೆರಡರ ಕೂಸಿಗೆ ‘ನೀವು’ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ನಾನು ಶಾಲೆಗೆ ಹೋದದ್ದು ನಾಲ್ಕು ವರ್ಷ, ಅದರಲ್ಲೂ ಒಂದು ವರ್ಷ ಮಾಸ್ತರರ ಆಡು ಕಾಯ್ದೆ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಮಾತುಗಳಲ್ಲಿ ಅರ್ಧ ನಮಗೂ ತಿಳಿಯುವುದಿಲ್ಲ. ‘ವೀಕೆಂಡ್’ ಎಂದರೆ ಯಾವುದೋ ಕಾಯಿಲೆ ಎಂದೇ ನಾವು ಬಹಳ ದಿನ ತಿಳಿದಿದ್ದೆವು.

ಈ ಕಾಗದಕ್ಕೆ ಹಿಂದೋಲೆ ಎನ್ನುತ್ತಾರೆ, ಹಿಂದಕ್ಕೆ ಹೋಗಿ ಕೇಳಿದ ದಿನಕ್ಕೇ ಮುಟ್ಟುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ, ಅರವತ್ತು ತುಂಬಿದ ಮೇಲೆ ಸಿಗುತ್ತದೆ. ಹೇಗೆ ಹೋಗುತ್ತದೆ ಎಂದು ಓಲೆಮನೆಯ ಗುಮಾಸ್ತನಿಗೂ ಗೊತ್ತಿಲ್ಲ, ಗೊತ್ತಿರುವವನಂತೆ ಕೂತಿರುತ್ತಾನೆ. ಅವನು ಹೇಳುವ ನಿಯಮ ಒಂದೇ. ಜನ ಕಂಡದ್ದು ಬದಲಾಗುವುದಿಲ್ಲ, ಯಾರೂ ಕಾಣದೆ ಉಳಿದದ್ದಕ್ಕೆ ಮಾತ್ರ ಕೈ ಹಾಕಬಹುದು. ಹೆಚ್ಚಿನವರು ತಾತ ಮುತ್ತಾತಂದಿರಿಗೆ ಬಂಗಾರ ಎಲ್ಲಿ ಹೂತಿಟ್ಟಿರಿ ಎಂದು ಕೇಳಿ ಓಲೆ ಹಾಳುಮಾಡುತ್ತಾರೆ. ನಾನು ನನ್ನದನ್ನು ಹತ್ತೊಂಬತ್ತು ವರ್ಷ ಹಾಗೇ ಇಟ್ಟುಕೊಂಡಿದ್ದೆ. ನನ್ನ ಗಂಡನಿಗೆ, ಅವನು ಇನ್ನೂ ಮದುವೆಯಾಗದ ದಿನಗಳಿಗೆ, ನಾಲ್ಕು ಬುದ್ಧಿಮಾತು ಬರೆಯಬೇಕು ಎಂದು ಆಸೆಯಿತ್ತು. ಅದು ಈಗ ನಿನ್ನ ಪಾಲಾಯಿತು.

ನಾವಿರುವ ಊರು ಹೂಳೂರು. ನಿನ್ನ ಕಾಲದಲ್ಲಿ ಇಲ್ಲಿ ಆಣೆಕಟ್ಟಿನ ಹಿನ್ನೀರು ಇತ್ತು. ನೀನು ಚಿಕ್ಕವಳಿದ್ದಾಗ ಅದರಲ್ಲಿ ಈಜಿದ್ದೀಯಂತೆ, ಕಾಲಿಗೆ ನೆಲ ಸಿಗದಷ್ಟು ನೀರಿನಲ್ಲಿ. ಆ ನೀರಿನ ಜಾಗವನ್ನು ಹೂಳು ತುಂಬಿತು. ನಿನಗೆ ಅರವತ್ತೊಂದಾದಾಗ ನಲವತ್ತು ಮನೆಯವರನ್ನು ಕಟ್ಟಿಕೊಂಡು ಆ ಹೂಳಿನ ಮೇಲೆ ಇಳಿದು ಊರು ಮಾಡಿದವಳು ನೀನು. ಮಣ್ಣು ಒಳ್ಳೆಯದು, ಸಜ್ಜೆ ಬಿತ್ತಿದರೆ ಸಜ್ಜೆ, ಪುಂಡಿ ಬಿತ್ತಿದರೆ ಪುಂಡಿ. ಬೇಸಿಗೆಯಲ್ಲಿ ಮಾತ್ರ ಆಡಿನ ಮರಿ ಬಿದ್ದರೆ ಸಿಗದಷ್ಟು ಬಿರುಕು ಬಿಡುತ್ತದೆ. ನಾವು ಕೋಲಿಲ್ಲದೆ ನಡೆಯುವುದಿಲ್ಲ. ಮಧ್ಯಾಹ್ನ ಊರಿಗೆ ಊರೇ ಚಾಪೆಯ ಚಪ್ಪರದಡಿ ಮಲಗುತ್ತದೆ. ಸ್ನಾನವೆಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಬೇವಿನ ಪುಡಿ ಹಚ್ಚುವುದು. ನದಿಯಿಂದ ಬರುವ ಚೂರು ನೀರು ಹಳೆಯ ತೂಬಿನ ಬುಡದಲ್ಲಿ ನಿಲ್ಲುತ್ತದೆ. ತಳದಲ್ಲಿ ತೂತಿರುವ ಬಟ್ಟಲನ್ನು ಹಂಡೆಯಲ್ಲಿ ತೇಲಬಿಟ್ಟು, ಅದು ತುಂಬಿ ಮುಳುಗುವ ತನಕ ತೂಬಿನಿಂದ ಬರುವ ನೀರಿಗೆ ಒಂದು ಪಾಳಿ ಎನ್ನುತ್ತಾರೆ. ವಾರಕ್ಕೊಂದು ಪಾಳಿ ಇದ್ದವನು ಮನುಷ್ಯ. ಇಲ್ಲದವನು ಇನ್ನೊಬ್ಬರ ಮನೆಯ ಮಗುವಾಗಿಯೇ ಇರುತ್ತಾನೆ, ಗಡ್ಡ ಬಂದರೂ ಸರಿ.

ನೀನು ಊರಿಗೆ ಏಳು ಹಾಳೆಯ ಕಟ್ಟಳೆ ಬರೆದೆ. ಮೊದಲ ಹಾಳೆಯಲ್ಲಿ ನಿನ್ನ ಅಜ್ಜಿ ಸತ್ತ ಸಂಗತಿ ಇದೆ, ಆ ‘ಒಂದ್ನಿಮಿಷ’ವೂ ಇದೆ. ಈ ಊರಿನಲ್ಲಿ ಯಾರೂ ಒಣ ಬಾಯಲ್ಲಿ ಸಾಯಬಾರದು ಎಂದು ಅದರ ಕೆಳಗೆ ಬರೆದಿದ್ದೀಯ. ಮೂರು ವರ್ಷ ಬರೀ ಆ ಮಾತಿನ ಮೇಲೆ ನಂಬಿಕೆಯಿಟ್ಟು ನೋಡಿದೆ. ಸಾಯುವವರ ಬಳಿ ಕೂರಲು ಯಾರೂ ಬರಲಿಲ್ಲ. ಆಗ ನಾಲ್ಕನೆಯ ಹಾಳೆ ಬರೆದೆ, ಬಾಯಿಗೆ ಕೊನೆಯ ಹನಿ ಬಿಟ್ಟವರಿಗೆ ಸತ್ತವರ ಪಾಳಿ ಎಂದು. ಹುಟ್ಟಿದ ಮಾತ್ರಕ್ಕೆ ಯಾರಿಗೂ ಪಾಳಿ ಇಲ್ಲ. ಅಂದಿನಿಂದ ಇಂದಿನವರೆಗೆ ಹೂಳೂರಿನ ಒಬ್ಬ ಮುದುಕನೂ ಒಬ್ಬಳು ಮುದುಕಿಯೂ ಒಂಟಿಯಾಗಿ ಸತ್ತಿಲ್ಲ. ನನ್ನ ಗಂಡ ಹೋಗುವಾಗ ಮಂಚದ ಸುತ್ತ ಆರು ಹುಡುಗರಿದ್ದರು, ಅವನ ಜೀವಮಾನದಲ್ಲಿ ಅಷ್ಟು ಜನ ಅವನ ಮಾತು ಕೇಳಲು ಕೂತಿರಲಿಲ್ಲ. ಇದನ್ನು ಮೊದಲು ಹೇಳಿಬಿಟ್ಟೆ. ಮುಂದಿನದನ್ನು ಓದಿದಾಗ ಮರೆಯಬೇಡ.

ಹದಿನಾಲ್ಕು ತುಂಬಿದ ಮಕ್ಕಳಿಗೆ ಹನಿಕೆಲಸ ಕಲಿಸುತ್ತೇವೆ. ಜೀವ ನಿಲ್ಲುವುದಿಲ್ಲ ಎಂದು ಗೊತ್ತಾದ ಗಳಿಗೆ ಮಗು ತೂಬಿಗೆ ಓಡಬೇಕು, ಚೆಂಬು ತುಂಬಬೇಕು, ಧೂಳು ಬೀಳದಂತೆ ಅದರ ಬಾಯಿಗೆ ಹಸಿ ಹೂಳಿನ ಮುಚ್ಚಳ ಮೆತ್ತಬೇಕು. ಮಂಚದ ಬಳಿ ತಂದು ಮುಚ್ಚಳ ತೆಗೆದು, ಮಣ್ಣನ್ನು ಅಂಗಳಕ್ಕೆ ಎಸೆದು, ಎರಡು ಹನಿ ಬಿಡಬೇಕು. ಅಷ್ಟರಲ್ಲಿ ಜೀವ ಹೋಗಿಬಿಟ್ಟರೆ ಪಾಳಿ ಊರಿನದಾಗುತ್ತದೆ. ಮುಚ್ಚಳಕ್ಕೆ ಹೂಳನ್ನು ಎಷ್ಟು ನಾದಬೇಕು, ಎಷ್ಟು ದಪ್ಪ ಮೆತ್ತಬೇಕು ಎಂದು ಊರ ಮಕ್ಕಳಿಗೆ ಕಲಿಸುವವಳು ನಾನು. ಚೆಂಬು ತುಂಬಿದ ಮೇಲೆ ಒಂದು ಕ್ಷಣವೂ ಬಾಯಿ ತೆರೆದಿಡಬಾರದು ಎಂದು ಬೈದು ಬೈದು ಕಲಿಸಿದ್ದೇನೆ. ನನ್ನ ಮೊಮ್ಮಗಳು ಹುಲಿಗವ್ವನಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿಲ್ಲ. ಅವಳಿಗೆ ಹದಿನಾರು. ಹುಲಿಗಿ ಎನ್ನುತ್ತೇವೆ.

ಈ ವರ್ಷದ ಧೂಳುಗಾಲದಲ್ಲಿ ನಾಲ್ಕು ಜನ ಹೋದರು. ಮೊದಲನೆಯವನು ಭರಮಪ್ಪ, ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದವನು. ಹುಲಿಗಿ ಹನಿ ಬಿಟ್ಟಳು, ಅವನ ಪಾಳಿ ಅವಳಿಗೆ ಬಂತು, ಮನೆಯಲ್ಲಿ ಹೋಳಿಗೆ ಮಾಡಿದೆವು. ಇಪ್ಪತ್ತು ದಿನಕ್ಕೆ ಸಣ್ಣೀರವ್ವ ಹೋದಳು, ಹನಿ ಬಿಟ್ಟವನು ತೂಬಿನ ಕಾವಲುಗಾರನ ಮಗ ಗಾದಿಲಿಂಗ, ಹದಿನೇಳರವನು. ಅದಾಗಿ ಹದಿನೈದು ದಿನಕ್ಕೆ ಮಲಿಯಪ್ಪ, ಹನಿ ಬಿಟ್ಟವನು ಅವರಿಬ್ಬರ ಗೆಳೆಯ ಯಮನೂರ, ಹುಲಿಗಿಯಂತೆ ಹದಿನಾರರವನು. ಮಧ್ಯಾಹ್ನದ ನಿದ್ದೆಯಲ್ಲಿ ಎದೆ ಹಿಡಿದುಕೊಂಡಿತು, ಹನಿ ಬಿಟ್ಟ ಮೇಲೆ ನಿಂತಿತು ಎಂದರು. ವಯಸ್ಸಾದವರ ಎದೆ ನಿಲ್ಲುತ್ತದೆ. ಮೂವರೂ ಎಷ್ಟು ಒಳ್ಳೆಯ ಮಕ್ಕಳು, ಮುದುಕರ ಮನೆ ಮನೆಗೆ ಹೋಗಿ ಕಾಲು ಒತ್ತುತ್ತಾರೆ ಎಂದು ಊರು ಹೊಗಳಿತು. ನಾನೂ ಹೊಗಳಿದೆ.

ನಾಲ್ಕನೆಯವನು ತಿಪ್ಪಣ್ಣ. ಅವನ ಮನೆ ಊರಾಚೆ, ಗೋಡೆಯ ಹತ್ತಿರ, ತೂಬಿರುವ ಕಡೆಗಲ್ಲ, ಇನ್ನೊಂದು ತುದಿಗೆ. ಗೋಡೆ ಎಂದರೆ ನಿನ್ನ ಕಾಲದ ಆಣೆಕಟ್ಟು. ಅವನು ಸತ್ತ ದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ಜಗಳ ತೆಗೆದಿದ್ದ.

“ಏ ಯಂಕವ್ವ, ನಿನ್ನ ಆಡು ನನ್ನ ಪುಂಡಿ ಎಲ್ಲಾ ತಿಂದ ಹೋತು ನೋಡು.”

“ತಿಂದ್ರ ತಿನ್ಲಿ ಬಿಡೋ. ಅದಕ್ಕ ಹಲ್ಲರ ಅದಾವು, ನಿನಗೆಲ್ಲಿ ಅದಾವು?”

“ಹಲ್ಲಿಲ್ಲದನ ಎರಡು ರೊಟ್ಟಿ ತಿಂದು ಬಂದೀನಿ ಬೇ. ನಿನ್ನ ಮಣ್ಣಿಗೆ ಹಾಕೀನ ನಾ ಹೋಗಾಂವ.”

ಅವನ ಗಂಟಲು ಮೂರು ಓಣಿಗೆ ಕೇಳುವಷ್ಟು ಗಟ್ಟಿಯಿತ್ತು. ಮಧ್ಯಾಹ್ನದ ನಿದ್ದೆ ಮುಗಿಸಿ ಜನ ಏಳುವ ಹೊತ್ತಿಗೆ ತಿಪ್ಪಣ್ಣ ಹೋದ ಎಂದು ಸುದ್ದಿ ಬಂತು. ಹನಿ ಬಿಟ್ಟವಳು ಹುಲಿಗಿ, ಜೊತೆಯಲ್ಲಿ ಅವರಿಬ್ಬರು. ನಾನು ಹೋದೆ. ಆಡಿನ ವಿಷಯಕ್ಕೆ ಮನಸ್ಸು ಚುಚ್ಚುತ್ತಿತ್ತು, ಮುಖ ನೋಡಬೇಕು ಅನ್ನಿಸಿತು. ಅಂಗಳದಲ್ಲಿ ಕಾಲಿಗೆ ಏನೋ ಚುಚ್ಚಿತು. ಬಗ್ಗಿ ತೆಗೆದು ನೋಡಿದರೆ ಮುಚ್ಚಳದ ಮಣ್ಣು.

ಈ ಮಣ್ಣಿನ ವಿಷಯ ನಿನಗೆ ಬಿಡಿಸಿ ಹೇಳಬೇಕು. ಆಗಷ್ಟೇ ಮೆತ್ತಿದ ಮುಚ್ಚಳ ಹಿಟ್ಟಿನ ಮುದ್ದೆಯಂತೆ ಇರುತ್ತದೆ. ತೆಗೆದು ಎಸೆದರೆ ನೆಲಕ್ಕೆ ಪಚ್ಚನೆ ಅಂಟಿಕೊಳ್ಳುತ್ತದೆ, ಬೆರಳಿನ ಗುರುತು ಉಳಿದಿರುತ್ತದೆ. ನನ್ನ ಕೈಯಲ್ಲಿದ್ದದ್ದು ಮಡಕೆಯ ಬೋಕಿಯಂತೆ ಒಡೆದ ಚೂರು. ಅಂಚು ಕಾಲಿಗೆ ಚುಚ್ಚುವಷ್ಟು ಹರಿತ, ಮೇಲೆಲ್ಲ ಕೂದಲೆಳೆಯ ಬಿರುಕು. ಹೂಳು ಹಾಗೆ ಒಣಗಲು ಒಂದು ಹಗಲು, ಒಂದು ರಾತ್ರಿ, ಮೇಲೆ ಅರ್ಧ ಹಗಲು ಬೇಕು. ಅಂದರೆ ತಿಪ್ಪಣ್ಣ ನನ್ನ ಬಾಗಿಲಲ್ಲಿ ಜಗಳವಾಡುತ್ತಿದ್ದಾಗ ಅವನ ಕೊನೆಯ ನೀರು ಆಗಲೇ ತುಂಬಿ, ಮುಚ್ಚಿ, ಕಾದು ಕೂತಿತ್ತು. ಅವನ ಮನೆ ತೂಬಿಗೆ ದೂರ, ಓಡಿ ಬರುವಷ್ಟರಲ್ಲಿ ತಡವಾದರೆ ಊರ ನ್ಯಾಯ ನೋಡುವ ಕಟ್ಟೆಯವರು ಪಾಳಿ ತಪ್ಪಿಸಿಯಾರು ಎಂದು ಹಿಂದಿನ ದಿನವೇ ತುಂಬಿಟ್ಟುಕೊಂಡಿದ್ದರು. ತೂಬಿನ ಕೀಲಿ ಗಾದಿಲಿಂಗನ ಮನೆಯಲ್ಲೇ ಇತ್ತು. ತುಂಬಿದ ಚೆಂಬನ್ನು ಬರೀ ಬಟ್ಟೆ ಮುಚ್ಚಿ ಇಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಲಿಗಿಗೆ ಹಾಗೆ ಇಡಲು ಕೈ ಬರಲಿಲ್ಲ. ತುಂಬಿದ ಚೆಂಬಿಗೆ ಮುಚ್ಚಳ ಮೆತ್ತಬೇಕು ಎಂದು ಅವಳಿಗೆ ಕಲಿಸಿದವಳು ನಾನು.

ಆ ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡು ನೆಟ್ಟಗೆ ಕಟ್ಟೆಗೆ ಹೋದೆ. ದಾರಿಯಲ್ಲಿ ನನ್ನ ಮನೆ ಸಿಕ್ಕಿತು, ಒಳಗೆ ಹೋಗಲಿಲ್ಲ. ಹೋಗಿದ್ದರೆ ಹೊರಗೆ ಬರುತ್ತಿರಲಿಲ್ಲವೋ ಏನೋ. ಕಟ್ಟೆಯ ಹಿರಿಯ ಚನ್ನಬಸಯ್ಯನ ಮುಂದೆ ಚೂರು ಇಟ್ಟೆ, ಇದು ನನ್ನ ಮೊಮ್ಮಗಳು ಮೆತ್ತಿದ್ದು ಎಂದೆ. ಸಂಜೆಯೊಳಗೆ ಮೂವರೂ ಒಪ್ಪಿಕೊಂಡರು. ಭರಮಪ್ಪನದು ನಿಜವಾದ ಸಾವು. ಉಳಿದ ಮೂವರ ಮುಖದ ಮೇಲೆ ಕೌದಿ ಹಿಡಿದಿದ್ದರು, ಒಬ್ಬರು ಹಿಡಿಯುವುದು, ಇಬ್ಬರು ಕೈಕಾಲು ಒತ್ತುವುದು. ಕೈಕಾಲು ಒತ್ತುವುದನ್ನು ಊರು ನೋಡಿಯೇ ಇತ್ತು.

ಮೊದಲ ಮೂರು ಪಾಳಿಯ ನೀರು ಏನು ಮಾಡಿದಿರಿ ಎಂದು ಕೇಳಿದಾಗ ಕರೆದುಕೊಂಡು ಹೋಗಿ ತೋರಿಸಿದರು. ಯಮನೂರನ ಮಾವನ ಆಡಿನ ದೊಡ್ಡಿಯ ಹಿಂದೆ ಜಾಲಿ ಮುಳ್ಳಿನ ಹೊರೆ ಇತ್ತು. ಅದನ್ನು ಸರಿಸಿದರೆ ಆಳುದ್ದದ ಗುಂಡಿ, ಹೂಳಿನಲ್ಲಿ ಸಿಕ್ಕ ನಿಮ್ಮ ಕಾಲದ ಪ್ಲಾಸ್ಟಿಕ್ ಹಾಳೆಗಳನ್ನು ಒಳಗೆ ಹಾಸಿದ್ದರು. ಅದರ ತುಂಬ ನೀರು. ಹೊಲಕ್ಕೆ ಬಿಟ್ಟಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ. ಮೂವರೂ ದಿನಾ ಮಧ್ಯಾಹ್ನ ಅದರಲ್ಲಿ ಕುತ್ತಿಗೆವರೆಗೆ ಇಳಿದು ನಿಲ್ಲುತ್ತಿದ್ದರಂತೆ. ಮೊದಲು ಸೊಂಟದವರೆಗೆ ಇತ್ತು, ಕುತ್ತಿಗೆವರೆಗೆ ಬರಲು ಇನ್ನೆರಡು ಪಾಳಿ ಬೇಕಾಯಿತು. ಆಮೇಲೆ ಕಾಲಿಗೆ ನೆಲ ಸಿಗದಷ್ಟು ಬೇಕು ಅನ್ನಿಸಿತು. ಊರಿನವರು ಗುಂಡಿಯ ಸುತ್ತ ನಿಂತರು. ನಮ್ಮಲ್ಲಿ ಯಾರೂ ಅಷ್ಟು ನೀರು ಒಂದೇ ಕಡೆ ನಿಂತದ್ದನ್ನು ನೋಡಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾನೂ ಬಗ್ಗಿ ಮೊಣಕೈವರೆಗೆ ಕೈ ಇಟ್ಟೆ. ತಣ್ಣಗಿತ್ತು.

ಕಾಲಿಗೆ ನೆಲ ಸಿಗದಷ್ಟು ಎನ್ನುವ ಮಾತು ಅವರಿಗೆ ಎಲ್ಲಿಂದ ಬಂತು ಎಂದು ನೀನು ಕೇಳಬೇಕಾಗಿಲ್ಲ. ನಿನ್ನ ಈಜಿನ ಕತೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಹುಲಿಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳಿದವಳು ನಾನು.

ಈಗ ಅವರನ್ನು ಬೀಜದ ಕಣಜದಲ್ಲಿ ಕೂಡಿಹಾಕಿದ್ದಾರೆ. ಒಂದು ಸಲ ನೋಡಲು ಬಿಟ್ಟರು. ಹುಲಿಗಿ ಗೋಡೆಗೆ ಒರಗಿ ಉಗುರಿನಿಂದ ಉಗುರಿನ ಮಣ್ಣು ತೆಗೆಯುತ್ತಿದ್ದಳು.

“ಯಾಕ ಮಾಡಿದ್ಯೇ?”

“ಅವರು ಹೆಂಗೂ ಸಾಯೋರಿದ್ರು ಆಯಿ.”

“ನಾನೂ ಹೆಂಗೂ ಸಾಯಾಕಿನ. ನನ್ನ ಮನಿಗೆ ಎಂದ ಬರಾಕಿದ್ದಿ?”

ಅವಳು ತಲೆ ಎತ್ತಿದಳು. ಈ ಮಾತಿಗೆ ಮಾತ್ರ ಅವಳ ಕಣ್ಣು ತುಂಬಿತು. “ನಿನ್ನ ಹೆಸರು ಅವರಿಬ್ಬರೂ ಎತ್ತಿದ್ರು. ನಾ ಒಲ್ಲೆ ಅಂದೆ. ಆಯಿಗೆ ಕಡೀ ಹನಿ ನಾನ ಬಿಡಾಕಿ, ಆದ್ರ ಅಕೀ ತಾನಾಗಿ ಹೋಗೂ ತನಕ ಕಾಯ್ತೀನಿ ಅಂದೆ.”

ನಾನು ಎದ್ದು ಬಂದೆ. ಅದು ಪ್ರೀತಿ ಎಂದು ನನಗೆ ತಿಳಿಯಿತು. ತಿಪ್ಪಣ್ಣನಿಗೆ ಅದರಲ್ಲಿ ಪಾಲಿರಲಿಲ್ಲ ಎಂಬುದೂ ತಿಳಿಯಿತು. ಅಂದಿನಿಂದ ನನ್ನ ಸೊಸೆ ತಟ್ಟೆಯನ್ನು ಹೊಸ್ತಿಲಲ್ಲೇ ಇಟ್ಟು ಹೋಗುತ್ತಾಳೆ. ಮಗಳನ್ನು ಕಟ್ಟೆಗೆ ಒಪ್ಪಿಸಿದ ಅತ್ತೆಗೆ ಅಷ್ಟಾದರೂ ಸಿಗುತ್ತಿದೆ.

ಕಟ್ಟೆಯಲ್ಲಿ ಎರಡು ದಿನ ಸಭೆ ನಡೆಯಿತು. ಚನ್ನಬಸಯ್ಯ, “ಆರನೇ ಹಾಳಿ ಐತಲ್ಲ, ಇನ್ನೇನು ವಿಚಾರ ಮಾಡೂದು?” ಎಂದ. ಜೀವ ತೆಗೆದವರನ್ನು ಗೋಡೆ ದಾಟಿಸಬೇಕು ಎಂದು ಆರನೆಯ ಹಾಳೆಯಲ್ಲಿ ನೀನು ಬರೆದಿದ್ದೀಯ. ಗೋಡೆಯಾಚೆ ಸುಣ್ಣದ ಹಾಗೆ ಸುಡುವ ಒಣ ನದಿ. ನೆರಳಿಲ್ಲ, ನೀರಿಲ್ಲ, ದಾಟಿದವರು ಇದುವರೆಗೆ ತಿರುಗಿ ಬಂದಿಲ್ಲ. ಯಾರೋ ಒಬ್ಬರು, ಮಕ್ಕಳಲ್ಲವೇ ಎಂದರು. ಮಲಿಯಪ್ಪನ ಮಗಳು ಹಂಪವ್ವ ಎದ್ದು ನಿಂತಳು. “ಮಕ್ಕಳು ಅಂತ ನಮ್ಮಪ್ಪ ಬಾಗಿಲಾ ತಗದಿದ್ದ. ಅವರ ಕೈಯಾಗ ಕಾಲು ಕೊಟ್ಟು ಮಕ್ಕೊಂಡಿದ್ದ.” ಅಷ್ಟೇ ಹೇಳಿ ಕೂತಳು.

ಆಗ ಏಳನೆಯ ಹಾಳೆಯ ಮಾತು ಬಂತು. ಆರು ಹಾಳೆಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಏಳನೆಯದನ್ನು ನೀನು ಮಡಿಚಿ, ಅರಗಿನ ಮುದ್ರೆ ಒತ್ತಿ, ತೂಬುಮನೆಯ ಕಲ್ಲಿನ ಪೆಟ್ಟಿಗೆಯಲ್ಲಿ ಇಟ್ಟು ಹೋಗಿದ್ದೀಯ. ಮೇಲೆ ಒಂದೇ ಸಾಲು: ‘ಮಕ್ಕಳ ಕೈಯಿಂದ ಜೀವ ಹೋದರೆ ತೆರೆಯಿರಿ.’ ನೂರಾ ನಲವತ್ತು ವರ್ಷ ಜನ ಅದನ್ನು ಓದಿ, ಮುದುಕಿಗೆ ಕೊನೆಗಾಲದಲ್ಲಿ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ನಕ್ಕರು. ನಾನೂ ನಕ್ಕಿದ್ದೆ. ಮಕ್ಕಳ ಕೈಯಿಂದ ಜೀವ ಹೋಗುತ್ತದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಸಭೆಯಲ್ಲಿ ಕೂತಿದ್ದಾಗ ನನಗೆ ತಿಳಿಯಿತು. ಅದು ನಿನಗೆ ಹೊಳೆದದ್ದಲ್ಲ, ನಾನು ಬರೆದು ತಿಳಿಸಿದ್ದು. ಆ ಸಾಲು ಅಲ್ಲಿದೆ ಎಂದರೆ ಈ ಓಲೆ ನಿನ್ನ ಕೈ ಸೇರಿದೆ. ಅಲ್ಲಿಂದಲೇ ಎದ್ದು ಓಲೆಮನೆಗೆ ಬಂದೆ.

ನೋಡು, ಇದರಲ್ಲಿ ನಿನ್ನನ್ನು ಇನ್ನೊಂದು ಸಲ ಬೈಯಬೇಕಾಗಿದೆ. ನನ್ನ ಓಲೆ ಓದಿ, ನಾಲ್ಕನೆಯ ಹಾಳೆಯಿಂದ ಏನಾಗುತ್ತದೆ ಎಂದು ತಿಳಿದೇ ನೀನು ಅದನ್ನು ಬರೆದೆ. ಅದು ಕಲ್ಲಿನ ಮೇಲಿದೆ, ಊರು ಕಂಡಿದೆ, ಈಗ ಅಳಿಸಲು ಬರುವುದಿಲ್ಲ. ಸಣ್ಣೀರವ್ವ, ಮಲಿಯಪ್ಪ, ತಿಪ್ಪಣ್ಣ ಈ ಮೂರು ಹೆಸರು ಗೊತ್ತಿದ್ದೂ ಬರೆದೆ. ಯಾಕೆ ಬರೆದೆ ಎಂದು ನಾನು ಓಲೆಮನೆಯ ದಾರಿಯುದ್ದಕ್ಕೂ ಯೋಚಿಸಿದೆ. ಮೂರು ಹೆಸರಿನ ಎದುರಿಗೆ ನೂರಾ ನಲವತ್ತು ವರ್ಷದ ಒದ್ದೆ ಬಾಯಿಗಳನ್ನು ಇಟ್ಟು ನೋಡಿದೆಯೇನೋ. ನನಗಾಗಿದ್ದರೆ ಬರೆಯಲು ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎನ್ನುವ ನಾನೇ ಒಣ ಚೂರನ್ನು ಕಟ್ಟೆಗೆ ಒಯ್ದೆ. ಆದ್ದರಿಂದ ಇದನ್ನು ಇಲ್ಲಿಗೆ ಬಿಡುತ್ತೇನೆ.

ಮುಂದಿನ ತಿಂಗಳ ಮೊದಲ ದಿನ ಪೆಟ್ಟಿಗೆ ತೆರೆಯುತ್ತಾರೆ. ಇನ್ನು ಏಳು ದಿನ. ಹಾಳೆಯ ಒಳಗೆ ಏನಿದೆ ಎಂದು ಯಾರೂ ಕಂಡಿಲ್ಲ, ಹಾಗಾಗಿ ನಿನ್ನ ಕೈ ಇನ್ನೂ ಅದರ ಮೇಲಿದೆ. ಖಾಲಿ ಇದ್ದರೆ ಆರನೆಯ ಹಾಳೆಯಂತೆ ಅದೇ ದಿನ ಮೂವರನ್ನೂ ಗೋಡೆ ದಾಟಿಸುತ್ತಾರೆ. ಖಾಲಿ ಇರುತ್ತದೆ ಎಂದು ಚನ್ನಬಸಯ್ಯ ಹೇಳುತ್ತಾನೆ. ನನಗೂ ಅದೇ ಭಯ. ಏಕೆಂದರೆ ನೀನು ‘ಒಂದ್ನಿಮಿಷ’ ಎಂದವಳು.

ಹುಲಿಗಿಯನ್ನು ಬಿಟ್ಟುಬಿಡಿ ಎಂದು ಬರೆ ಅಂತ ನಾನು ಕೇಳುತ್ತಿಲ್ಲ. ಹಾಗೆ ಬರೆದರೆ, ನಿನ್ನ ವಂಶದ ಹಿರಿಯಳೆಂದು, ಹಂಪವ್ವನ ಮುಖ ನೋಡಿ ಅದನ್ನು ಸಭೆಗೆ ಓದಬೇಕಾದವಳು ನಾನು. ಅವಳು ನಿನ್ನ ರಕ್ತ ಎಂಬುದನ್ನು ಮರೆತು ಬರೆ. ಮರೆಯಲು ಬರುವುದಿಲ್ಲ, ನನಗೂ ಬರುತ್ತಿಲ್ಲ, ಆದರೂ ಮರೆತವಳಂತೆ ಕೂತು ಬರೆ. ಮೂರು ಜನರನ್ನು ಕೊಂದವರು ಅವರು. ಹದಿನಾರು ಹದಿನೇಳು ವರ್ಷದವರು, ನೀರಿನಲ್ಲಿ ನಿಲ್ಲಬೇಕೆಂದು ಆಸೆಪಟ್ಟವರು. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯಬೇಡ. ಸಾಯುವ ತನಕ ಊರಿನಲ್ಲೇ ಇದ್ದು ಮಾಡಬೇಕಾದ ಶಿಕ್ಷೆ ಏನಾದರೂ ಇದ್ದರೆ, ಅದನ್ನು ಯೋಚಿಸುವಷ್ಟು ಬುದ್ಧಿ ನಿನಗಿದೆ. ನನಗಿಲ್ಲ, ನಾನು ನಾಲ್ಕು ವರ್ಷ ಓದಿದವಳು. ಗೋಡೆಯೇ ಸರಿ ಎಂದು ನಿನಗೆ ಕಂಡರೆ ಅದನ್ನೂ ಬರೆ. ಅದನ್ನೂ ನಾನೇ ಓದುತ್ತೇನೆ. ಖಾಲಿ ಮಾತ್ರ ಬಿಡಬೇಡ. ಖಾಲಿ ಹಾಳೆಯಿಂದ ನನ್ನ ಮೊಮ್ಮಗಳು ಸಾಯಬಾರದು.

ನಿನಗೆ ಇನ್ನೂ ಇಪ್ಪತ್ತೆರಡು, ಕಟ್ಟಳೆ ಬರೆಯಲು ನಲವತ್ತು ವರ್ಷ ಇದೆ, ಆಮೇಲೆ ನೋಡಿದರಾಯಿತು ಎಂದುಕೊಳ್ಳುತ್ತಿದ್ದೀಯ. ನನಗೆ ಗೊತ್ತು. ಇಂದಿಗೆ ಒಂಬತ್ತು ದಿನ, ಇನ್ನೂ ನಿನ್ನ ಕಿವಿಯಲ್ಲಿ ಆ ಮೂರು ಸಲದ ‘ನೀರು’ ಇದೆ. ಬರುವ ತಿಂಗಳಿಗೆ ಅದು ಎರಡು ಸಲವಾಗುತ್ತದೆ, ಆಮೇಲೆ ಒಂದು ಸಲ, ಆಮೇಲೆ ಆ ಬಿಲ್ಲೆಯ ಮೇಲೆ ನಿನ್ನ ಹೆಬ್ಬೆರಳು ಮತ್ತೆ ಓಡತೊಡಗುತ್ತದೆ. ಮುಚ್ಚಳದ ಮಣ್ಣನ್ನು ಹಸಿಯಿದ್ದಾಗ ಮೆತ್ತಬೇಕು, ಒಣಗಿದ್ದು ಯಾವುದಕ್ಕೂ ಅಂಟುವುದಿಲ್ಲ. ಎದ್ದು ಒಂದು ಲೋಟ ನೀರು ಕುಡಿ, ಪೂರ್ತಿ ಲೋಟ, ಕೆಳಗೆ ಚೆಲ್ಲದೆ. ಪೆನ್ನು ತೆಗೆದುಕೋ. ನಿನ್ನ ತಿಂಗಳಾದರೂ ಸರಿ, ನನ್ನ ತಿಂಗಳಾದರೂ ಸರಿ, ಹೊಸದು ಹುಟ್ಟುವ ಮೊದಲು ಆ ಹಾಳೆಯಲ್ಲಿ ಉತ್ತರ ಬರೆ.